ಬರ್ರಾ ತಾಮ್ರದ ಊರನ್ನು ನೋಡುವ ಕ್ರಮ: ಚಿಮಣಿ ಆಮೇಲೆ, ಮೊದಲು ತೊರೆಗೆ ಇಳಿಯಿರಿ

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ಬರ್ರಾ ಎಂಬ ಸಣ್ಣ ಊರು ಸಿಗುತ್ತದೆ. 1845ರಿಂದ 1877ರವರೆಗೆ ಇಲ್ಲಿ ದೊಡ್ಡ ತಾಮ್ರದ ಗಣಿ ಇತ್ತು. ಜನ ಅದನ್ನು ರಾಕ್ಷಸ ಗಣಿ ಎಂದೇ ಕರೆಯುತ್ತಿದ್ದರು. 1851ರ ಹೊತ್ತಿಗೆ ಇಲ್ಲಿ ಸುಮಾರು 5,000 ಜನ ವಾಸವಾಗಿದ್ದರು. ಆಗ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಇದಕ್ಕಿಂತ ದೊಡ್ಡ ಊರು ಇರಲಿಲ್ಲ. ಗಣಿ ಮುಚ್ಚಿದ ಮೇಲೆ ಊರು ಬೆಳೆಯುವುದು ನಿಂತಿತು. ಹೊಸದು ಕಟ್ಟುವ ಅವಸರ ಯಾರಿಗೂ ಇರಲಿಲ್ಲ, ಹಾಗಾಗಿ ಹಳೆಯದು ಬಹಳಷ್ಟು ಉಳಿದುಕೊಂಡಿತು. 2017ರಲ್ಲಿ ಬರ್ರಾ ಮತ್ತು ಇದೇ ರಾಜ್ಯದ ಇನ್ನೊಂದು ತಾಮ್ರದ ಊರಾದ ಮೂಂಟಾದ ಗಣಿ ಪ್ರದೇಶಗಳನ್ನು ಒಟ್ಟಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಇಲ್ಲಿಗೆ ಬರುವವರು ಸಾಮಾನ್ಯವಾಗಿ ನೇರವಾಗಿ ಗಣಿಯ ಗುಡ್ಡಕ್ಕೆ ಹೋಗುತ್ತಾರೆ. ಎತ್ತರದ ಕಲ್ಲಿನ ಚಿಮಣಿಗಳು, ಮಾಡು ಬಿದ್ದ ಎಂಜಿನ್ ಮನೆಗಳು, ಹಸಿರು-ನೀಲಿ ನೀರು ತುಂಬಿದ ಹೊಂಡ. ಫೋಟೊಗೆ ಇನ್ನೇನು ಬೇಕು? ಒಂದು ಗಂಟೆಯಲ್ಲಿ ಮುಗಿಸಿ ಹೊರಡುತ್ತಾರೆ. ಹಾಗೆ ನೋಡಿದರೆ ಬರ್ರಾ ಚಂದದ ಪಾಳು ಜಾಗ, ಅಷ್ಟೇ. ನೋಡುವ ಕ್ರಮ ಸ್ವಲ್ಪ ಬದಲಿಸಿದರೆ ಇದು ಪೂರ್ತಿ ಬೇರೆಯೇ ಊರು. ಮೊದಲು ಕೆಲಸಗಾರರು ಎಲ್ಲಿ ಮಲಗುತ್ತಿದ್ದರು ಎಂದು ನೋಡಿ, ಆಮೇಲೆ ಅವರು ಎಲ್ಲಿ ದುಡಿಯುತ್ತಿದ್ದರು ಎಂದು ನೋಡಿ. ಈ ಲೇಖನದ ಹೆಜ್ಜೆಗಳೆಲ್ಲ ಅದೇ ಕ್ರಮದಲ್ಲಿವೆ.

ಹೆಜ್ಜೆ 1: ಹೊರಡುವ ಮೊದಲು ಈ ಕಥೆ ತಿಳಿದಿರಲಿ

ಇದು ಙಜುರಿ ಜನರ ನೆಲ. ಯುರೋಪಿನವರು ಕುರಿ ಮೇಯಿಸಲು ಬಂದು ಕೆಲವೇ ವರ್ಷ ಆಗಿತ್ತು. 1845ರಲ್ಲಿ ಇಬ್ಬರು ಕುರಿಗಾಹಿಗಳು ಬೇರೆ ಬೇರೆ ಕಡೆ ತಾಮ್ರದ ಅದಿರನ್ನು ಕಂಡರು. ಸುದ್ದಿ ಅಡಿಲೇಡಿಗೆ ತಲುಪಿತು. ಆಗಿನ ನಿಯಮದ ಪ್ರಕಾರ ಈ ನೆಲ ಬೇಕಾದರೆ 20,000 ಎಕರೆಯನ್ನು ಒಟ್ಟಿಗೆ ಕೊಳ್ಳಬೇಕಿತ್ತು. ಬೆಲೆ 20,000 ಪೌಂಡ್. ಹೊಸ ವಸಾಹತಿನಲ್ಲಿ ಒಬ್ಬರ ಕೈಯಲ್ಲಿ ಅಷ್ಟು ಹಣ ಇರಲಿಲ್ಲ. ಎರಡು ಗುಂಪುಗಳು ಪೈಪೋಟಿಗೆ ಇಳಿದವು. ಒಂದು ದೊಡ್ಡ ಶ್ರೀಮಂತರದು, ಇನ್ನೊಂದು ಅಂಗಡಿಕಾರರು ಮತ್ತು ಸಣ್ಣ ವ್ಯಾಪಾರಿಗಳದು. ಊರ ಜನ ಮೊದಲನೆಯವರಿಗೆ ನಾಬ್ಸ್ ಎಂದೂ ಎರಡನೆಯವರಿಗೆ ಸ್ನಾಬ್ಸ್ (ಆಗಿನ ಮಾತಿನಲ್ಲಿ ಸಾಮಾನ್ಯ ಜನ) ಎಂದೂ ಹೆಸರಿಟ್ಟರು.

ಕೊನೆಗೆ ಇಬ್ಬರೂ ಹಣ ಸೇರಿಸಿ ನೆಲ ಕೊಂಡರು. ಮಧ್ಯೆ ಒಂದು ಗೆರೆ ಎಳೆದು ಚೀಟಿ ಎತ್ತಿದರು. ಉತ್ತರದ ಅರ್ಧ ವ್ಯಾಪಾರಿಗಳ ಪಾಲಿಗೆ ಬಂತು. ಒಳ್ಳೆಯ ಅದಿರು ಇದ್ದದ್ದು ಅಲ್ಲೇ! ಶ್ರೀಮಂತರ ಪ್ರಿನ್ಸೆಸ್ ರಾಯಲ್ ಗಣಿ ಕೆಲವೇ ವರ್ಷಗಳಲ್ಲಿ ಸೋತು ಮಲಗಿತು. ವ್ಯಾಪಾರಿಗಳ ಸೌತ್ ಆಸ್ಟ್ರೇಲಿಯನ್ ಮೈನಿಂಗ್ ಅಸೋಸಿಯೇಶನ್ ಎಂಬ ಕಂಪನಿ ಮಾತ್ರ ಹಣದ ಹೊಳೆಯನ್ನೇ ಕಂಡಿತು. ಅದರ ಕಾರ್ಯದರ್ಶಿ ಹೆನ್ರಿ ಏಯರ್ಸ್. ಮುಂದೆ ಅವರು ದಕ್ಷಿಣ ಆಸ್ಟ್ರೇಲಿಯಾದ ಪ್ರೀಮಿಯರ್, ಅಂದರೆ ಸರ್ಕಾರದ ಮುಖ್ಯಸ್ಥರು ಆದರು. ಉಲುರು ಬಂಡೆಗೆ ಬಹುಕಾಲ ಇದ್ದ ಏಯರ್ಸ್ ರಾಕ್ ಎಂಬ ಹೆಸರು ಬಂದದ್ದು ಇವರಿಂದಲೇ.

ಗಣಿ ಅಗೆದವರು ಹೆಚ್ಚಾಗಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅದಿರು ಕರಗಿಸಿದವರು ವೇಲ್ಸ್‌ನವರು. ಅದೇ ಕಾರ್ನ್‌ವಾಲ್‌ನ ಗಣಿ ಪರಿಣತರು ಕೆಲವು ದಶಕಗಳ ನಂತರ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಕೆಜಿಎಫ್ ಊರನ್ನು ನೋಡಿದವರಿಗೆ ಬರ್ರಾದಲ್ಲಿ ಕೆಲವು ವಿಷಯ ಬೇಗ ಅರ್ಥವಾಗುತ್ತವೆ.

ಹೆಜ್ಜೆ 2: ಯಾವಾಗ, ಹೇಗೆ ಹೋಗುವುದು

ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲು 40 ಡಿಗ್ರಿ ಮುಟ್ಟಬಹುದು. ಪಾಳು ಕಟ್ಟಡಗಳಿಗೆ ಮಾಡು ಇಲ್ಲ, ಗುಡ್ಡದಲ್ಲಿ ನೆರಳಿಲ್ಲ. ಜೂನ್-ಜುಲೈ ರಾತ್ರಿ ಚಳಿ ಕೊರೆಯುತ್ತದೆ, ಆದರೆ ಹಗಲು ನಡೆಯಲು ಹಿತವಾಗಿರುತ್ತದೆ.

ಕಾರು ಬೇಕೇ ಬೇಕು. ಪ್ರಯಾಣಿಕರ ರೈಲು ಈಗ ಬರ್ರಾಕ್ಕೆ ಹೋಗುವುದಿಲ್ಲ. ನೋಡುವ ಜಾಗಗಳೂ ಒಂದಕ್ಕೊಂದು ದೂರ ಇವೆ. ಅಡಿಲೇಡಿನಿಂದ ಎರಡು ಗಂಟೆಯ ದಾರಿ, ಬ್ಯಾರಿಯರ್ ಹೆದ್ದಾರಿ ನೇರ ಊರೊಳಗೆ ತಲುಪಿಸುತ್ತದೆ. ಅಲ್ಲೂ ಎಡಗಡೆಯೇ ಓಡಿಸುವುದು, ಹಾಗಾಗಿ ನಮ್ಮವರಿಗೆ ಕಷ್ಟ ಆಗುವುದಿಲ್ಲ. ಮುಸ್ಸಂಜೆ ಮತ್ತು ನಸುಕಿನಲ್ಲಿ ಕಾಂಗರೂಗಳು ರಸ್ತೆಗೆ ಹಾರುತ್ತವೆ. ಕತ್ತಲಾದ ಮೇಲೆ ಓಡಿಸುವ ಯೋಜನೆ ಬೇಡ.

ಒಂದೇ ದಿನದಲ್ಲಿ ಹೋಗಿ ಬರಬಹುದು. ಆದರೂ ಒಂದು ರಾತ್ರಿ ಉಳಿಯಿರಿ ಎಂದೇ ನಾನು ಹೇಳುತ್ತೇನೆ. ಎಲ್ಲಿ ಉಳಿಯಬೇಕು ಎಂಬುದು ನಾಲ್ಕನೇ ಹೆಜ್ಜೆಯಲ್ಲಿದೆ.

ಹೆಜ್ಜೆ 3: ಕೀಲಿ ತೆಗೆದುಕೊಳ್ಳಿ, ತೊರೆಗೆ ಇಳಿಯಿರಿ

ಬರ್ರಾದಲ್ಲಿ ನನಗೆ ತುಂಬ ಇಷ್ಟವಾದ ವ್ಯವಸ್ಥೆ ಇದು. ಮಾರ್ಕೆಟ್ ಸ್ಕ್ವೇರ್‌ನಲ್ಲಿ ಪ್ರವಾಸಿ ಮಾಹಿತಿ ಕೇಂದ್ರ ಇದೆ. ಅಲ್ಲಿ ಹಣ ಕಟ್ಟಿದರೆ ಹೆರಿಟೇಜ್ ಪಾಸ್‌ಪೋರ್ಟ್ ಎಂಬ ಮಾರ್ಗದರ್ಶಿ ಪುಸ್ತಕದ ಜೊತೆ ಒಂದು ಕೀಲಿ ಕೊಡುತ್ತಾರೆ. ಬೀಗ ಹಾಕಿದ ಎಂಟು ಹಳೆಯ ಜಾಗಗಳಿಗೆ ಅದೊಂದೇ ಕೀಲಿ. ಗೈಡ್ ಇಲ್ಲ, ಕಾವಲುಗಾರ ಇಲ್ಲ. ನೀವೇ ಗೇಟು ತೆಗೆದು ಒಳಗೆ ಹೋಗಬೇಕು, ನೀವೇ ಬೀಗ ಹಾಕಿ ಬರಬೇಕು. ಒಂದು ಊರು ತನ್ನ ಅಮೂಲ್ಯ ಜಾಗಗಳನ್ನು ಅಪರಿಚಿತರ ಕೈಗೆ ಹೀಗೆ ನಂಬಿ ಕೊಡುತ್ತದೆ ಅಂದರೆ ಆ ನಂಬಿಕೆಯನ್ನು ಉಳಿಸುವುದು ನಮ್ಮ ಕೆಲಸ ಅಲ್ವಾ?

ಕೀಲಿ ತೆಗೆದುಕೊಳ್ಳುವಾಗ ಮೂರು ವಿಷಯ ಕೇಳಿಕೊಳ್ಳಿ. ಕೀಲಿಯನ್ನು ಎಷ್ಟು ಹೊತ್ತಿಗೆ ವಾಪಸ್ ಕೊಡಬೇಕು? ಮ್ಯೂಸಿಯಂಗಳು ಇವತ್ತು ತೆರೆದಿವೆಯೇ? ಯಾವುದಾದರೂ ಜಾಗ ದುರಸ್ತಿಗಾಗಿ ಮುಚ್ಚಿದೆಯೇ? ಮ್ಯೂಸಿಯಂಗಳ ಸಮಯ ಬದಲಾಗುತ್ತಿರುತ್ತದೆ, ಮತ್ತು ಕೆಲವಕ್ಕೆ ಪ್ರವೇಶದ ಹಣ ಬೇರೆ.

ಈಗ ಗುಡ್ಡದ ಕಡೆ ನೋಡದೆ ಬ್ಲೈತ್ ಸ್ಟ್ರೀಟ್ ಹತ್ತಿರ ಬರ್ರಾ ತೊರೆಗೆ ಹೋಗಿ. ಇಲ್ಲಿ ತೊರೆಯ ದಂಡೆಯಲ್ಲಿ ಮಣ್ಣು ಕೊರೆದು ಮಾಡಿದ ಎರಡು ಬಿಲದ ಮನೆಗಳು ಉಳಿದಿವೆ. ಇವನ್ನು ಡಗೌಟ್ ಎನ್ನುತ್ತಾರೆ. ಗಣಿ ಶುರುವಾದಾಗ ಕಂಪನಿ ಬೇಗ ಬೇಗ ಗಣಿ ತೋಡಿತು, ಮನೆಗಳನ್ನು ಅಷ್ಟು ಬೇಗ ಕಟ್ಟಲಿಲ್ಲ. ಕಟ್ಟಿದ ಮನೆಗಳಿಗೆ ಬಾಡಿಗೆ ಇತ್ತು, ತೊರೆಯ ದಂಡೆಗೆ ಇರಲಿಲ್ಲ. ಜನ ದಂಡೆಯನ್ನೇ ಕೊರೆದು ಒಳಗೆ ಸೇರಿಕೊಂಡರು. 1851ರಲ್ಲಿ ಸುಮಾರು 1,800 ಜನ ಹೀಗೆ ವಾಸಿಸುತ್ತಿದ್ದರು. ಅಂದರೆ ಊರಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ.

ಒಳಗೆ ಹೋದಾಗ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ. ಒಲೆ ಎಲ್ಲಿತ್ತು, ಹೊಗೆ ಹೋಗುವ ಗೂಡು ಎಲ್ಲಿತ್ತು ಎಂದು ಹುಡುಕಿ. ಮೇಲಿನ ನೆಲದಲ್ಲಿ ನಡೆಯುವವರಿಗೆ ಕಾಲ ಬಳಿ ಹೊಗೆಗೂಡುಗಳ ತುದಿ ಕಾಣುತ್ತಿದ್ದವು. ಒಬ್ಬ ಗಂಡಸು, ಹೆಂಡತಿ, ನಾಲ್ಕೈದು ಮಕ್ಕಳು ಈ ಗೋಡೆಗಳ ನಡುವೆ ಹೇಗೆ ಮಲಗುತ್ತಿದ್ದರು ಎಂದು ಕಣ್ಣಳತೆಯಲ್ಲಿ ಲೆಕ್ಕ ಹಾಕಿ ನೋಡಿ. ಕುಡಿಯುವ ನೀರು, ಕೊಳೆ ನೀರು ಎರಡೂ ಅದೇ ತೊರೆಯಲ್ಲಿ. ಟೈಫಾಯ್ಡ್‌ನಂಥ ರೋಗಗಳು ಹರಡಿದವು, ಮಕ್ಕಳು ಹೆಚ್ಚಾಗಿ ಸತ್ತರು. ಊರಿನ ಸ್ಮಶಾನಕ್ಕೆ ಹೋಗುವುದಾದರೆ ಡಗೌಟ್ ನೋಡಿದ ಮೇಲೇ ಹೋಗಿ. 1851ರಲ್ಲಿ ತೊರೆಗೆ ಮತ್ತೆ ಮತ್ತೆ ಪ್ರವಾಹ ಬಂದು ಮನೆಗಳು ಕೊಚ್ಚಿಹೋದವು. ಅದೇ ವರ್ಷ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು. ಗಂಡಸರು ಗುಂಪು ಗುಂಪಾಗಿ ಅತ್ತ ಹೊರಟರು, ಗಣಿಯಲ್ಲಿ ಕೆಲಸಗಾರರೇ ಬಹುತೇಕ ಇಲ್ಲವಾದರು.

ಆ ಹೊತ್ತಿಗೆ ಕಂಪನಿ ದೇಶದಲ್ಲೇ ಅತಿ ದೊಡ್ಡ ಗಣಿಯ ಒಡೆಯ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ನಡೆಯಿರಿ.

ಹೆಜ್ಜೆ 4: ಪ್ಯಾಕ್ಸ್‌ಟನ್ ಸ್ಕ್ವೇರ್, ಸಾಧ್ಯವಾದರೆ ಇಲ್ಲೇ ಉಳಿಯಿರಿ

ಜನರನ್ನು ತೊರೆಯಿಂದ ಮೇಲೆ ತರಲು ಕಂಪನಿ 1849ರಿಂದ 1852ರ ನಡುವೆ 33 ಸಾಲು ಮನೆಗಳನ್ನು ಕಟ್ಟಿತು. ಎರಡು, ಮೂರು, ನಾಲ್ಕು ಕೋಣೆಗಳ ಸಣ್ಣ ಮನೆಗಳು. ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾದ ವಿಲಿಯಂ ಪ್ಯಾಕ್ಸ್‌ಟನ್ ಹೆಸರನ್ನು ಇದಕ್ಕೆ ಇಟ್ಟರು. ಈಗ ಇವು ಪ್ರವಾಸಿಗರು ಉಳಿಯುವ ಮನೆಗಳಾಗಿವೆ. ಹಗಲು ಡಗೌಟ್ ನೋಡಿ ರಾತ್ರಿ ಇಲ್ಲಿ ಮಲಗಿದರೆ ಎರಡರ ನಡುವಿನ ವ್ಯತ್ಯಾಸ ಯಾವ ಫಲಕಕ್ಕಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಇದೇ ಸಾಲಿನಲ್ಲಿ ಮಾಲೋವೆನ್ ಲೋವರ್ತ್ ಎಂಬ ಮನೆಯನ್ನು ಹಳೆಯ ಗಣಿ ಕುಟುಂಬದ ಮನೆಯ ಹಾಗೆ ಸಜ್ಜುಗೊಳಿಸಿದ್ದಾರೆ. ತೆರೆದಿದ್ದರೆ ನೋಡಿ.

ಬರ್ರಾ ಮೊದಲಿಗೆ ಒಂದು ಊರಾಗಿರಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಿ. ಕಂಪನಿಯ ಊರು ಕೂರಿಂಗಾ. ಕಂಪನಿಯ ನೆಲದ ಆಚೆ ಕಾರ್ನ್‌ವಾಲ್‌ನವರ ರೆಡ್ರುತ್, ಸ್ಕಾಟ್ಲೆಂಡಿನ ಹೆಸರಿನ ಅಬರ್ಡೀನ್, ಇಂಗ್ಲಿಷ್ ಹಳ್ಳಿಯಂಥ ಹ್ಯಾಂಪ್ಟನ್, ಹೀಗೆ ಬೇರೆ ಬೇರೆ ಕೇರಿಗಳು. ಎಲ್ಲಕ್ಕೂ ಸೇರಿ ಬರ್ರಾ ಎಂಬ ಒಂದೇ ಹೆಸರು ಅಧಿಕೃತವಾಗಿ ಬಂದದ್ದು 1940ರಲ್ಲಿ. ಕಾರಿನಲ್ಲಿ ಸುತ್ತುವಾಗ ಮನೆಗಳ ನಡುವೆ ಇದ್ದಕ್ಕಿದ್ದಂತೆ ದೊಡ್ಡ ಖಾಲಿ ಜಾಗ ಬಂದರೆ ಆಶ್ಚರ್ಯಪಡಬೇಡಿ.

ಹೆಜ್ಜೆ 5: ಈಗ ಗಣಿಯ ಗುಡ್ಡ

ಇದಕ್ಕೆ ಕನಿಷ್ಠ ಮೂರು ಗಂಟೆ ಇಡಿ. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಗಟ್ಟಿ ಅಡಿಯ, ಪಾದ ಪೂರ್ತಿ ಮುಚ್ಚುವ ಶೂ ಹಾಕಿ. ಕುಡಿಯುವ ನೀರು, ಟೋಪಿ ಮರೆಯಬೇಡಿ.

ಮೊದಲು ಮದ್ದಿನ ಮನೆ. 1847ರ ಕಟ್ಟಡ, ಆಸ್ಟ್ರೇಲಿಯಾದಲ್ಲಿ ಉಳಿದಿರುವ ಅತ್ಯಂತ ಹಳೆಯ ಗಣಿ ಕಟ್ಟಡಗಳಲ್ಲಿ ಒಂದು. ಬಂಡೆ ಸಿಡಿಸುವ ಮದ್ದನ್ನು ಇಲ್ಲಿ ಇಡುತ್ತಿದ್ದರು. ಉಳಿದ ಕಟ್ಟಡಗಳಿಂದ ಇದನ್ನು ದೂರ ಇಟ್ಟದ್ದು ಯಾಕೆ ಎಂದು ಹೇಳಬೇಕಿಲ್ಲ.

ಆಮೇಲೆ ಮಾರ್ಫೆಟ್ಸ್ ಎಂಜಿನ್ ಹೌಸ್. ಇಲ್ಲಿ ಅವಸರ ಬೇಡ, ಯಾಕಂದರೆ ಇದನ್ನು ಅರ್ಥ ಮಾಡಿಕೊಂಡರೆ ಗುಡ್ಡದ ಉಳಿದ ಪಾಳುಗಳೆಲ್ಲ ತಾವೇ ಮಾತಾಡುತ್ತವೆ. ಗಣಿಗೆ ದೊಡ್ಡ ಶತ್ರು ನೀರು. ಆಳಕ್ಕೆ ಹೋದಷ್ಟೂ ನೀರು ನುಗ್ಗುತ್ತದೆ. ಅದನ್ನು ಎತ್ತಲು ಕಾರ್ನ್‌ವಾಲ್‌ನ ಪೆರನ್ ಫೌಂಡ್ರಿಯಲ್ಲಿ ಮಾಡಿದ ಹಬೆ ಎಂಜಿನ್ ತರಿಸಿದರು. ಅದರ ಸಿಲಿಂಡರಿನ ಅಗಲವೇ 80 ಇಂಚು, ಅಂದರೆ ಎರಡು ಮೀಟರಿಗೂ ಜಾಸ್ತಿ. ಹಡಗಿನಲ್ಲಿ ತಂದು, ಆಮೇಲೆ ಎತ್ತಿನ ಬಂಡಿಗಳಲ್ಲಿ ಎಳೆದು ಇಲ್ಲಿಗೆ ಮುಟ್ಟಿಸಿದರು. ಗಣಿ ಮುಚ್ಚುವ 1877ರವರೆಗೂ ಅದು ನೀರೆತ್ತಿತು.

ಕಟ್ಟಡವನ್ನು ಓದುವುದು ಹೀಗೆ. ಮೊದಲು ನಾಲ್ಕು ಗೋಡೆಗಳಲ್ಲಿ ತುಂಬ ದಪ್ಪಗಿರುವುದು ಯಾವುದು ಎಂದು ನೋಡಿ. ಗಣಿಯ ಬಾವಿಯ, ಅಂದರೆ ನೆಲದಡಿಗೆ ನೇರವಾಗಿ ಇಳಿಯುವ ಗುಂಡಿಯ ಕಡೆಗಿನ ಗೋಡೆಯೇ ದಪ್ಪ. ಅದರ ಮೇಲೆ ಭಾರಿ ಕಬ್ಬಿಣದ ತೊಲೆ ಏತದ ಹಾಗೆ ಕೂತಿತ್ತು. ತೊಲೆಯ ಅರ್ಧ ಕಟ್ಟಡದ ಒಳಗೆ, ಅರ್ಧ ಹೊರಗೆ ಬಾವಿಯ ಮೇಲೆ. ಒಳಗಿನ ತುದಿಯನ್ನು ಹಬೆಯ ಬಲ ಕೆಳಗೆ ಎಳೆದಾಗ ಹೊರಗಿನ ತುದಿ ಮೇಲೇಳುತ್ತಿತ್ತು. ಅದಕ್ಕೆ ಕಟ್ಟಿದ ಉದ್ದನೆಯ ಮರದ ಸರಳುಗಳು ಬಾವಿಯ ಆಳದವರೆಗೂ ಇಳಿದಿದ್ದವು. ಆ ಸರಳುಗಳು ತಮ್ಮದೇ ಭಾರಕ್ಕೆ ಮತ್ತೆ ಕೆಳಗಿಳಿಯುವಾಗ ಪಂಪಿನ ನೀರನ್ನು ಮೇಲಕ್ಕೆ ಒತ್ತುತ್ತಿದ್ದವು. ಹಬೆಯ ಕೆಲಸ ಸರಳುಗಳನ್ನು ಎತ್ತುವುದು, ನೀರನ್ನು ಮೇಲೆ ತಳ್ಳುವುದು ಸರಳುಗಳ ಭಾರ. ಎಷ್ಟು ಚಂದದ ಉಪಾಯ!

ಇಷ್ಟು ಗೊತ್ತಾದರೆ ಬೇರೆ ಪಾಳುಗಳಲ್ಲೂ ದಪ್ಪ ಗೋಡೆ ಹುಡುಕಿ. ಅದರ ಎದುರಿಗೆ ಸಾಮಾನ್ಯವಾಗಿ ಬಾವಿ ಇರುತ್ತದೆ. ಗೋಡೆಯಲ್ಲಿ ಅಷ್ಟು ದೊಡ್ಡ ಬಾಗಿಲು ಯಾಕೆ ಎಂದು ಕೇಳಿಕೊಳ್ಳಿ. ಸಿಲಿಂಡರ್ ಒಳಗೆ ತರಲು ಅದು ಬೇಕಿತ್ತು. ಗೋಡೆಯಲ್ಲಿ ಸಾಲಾಗಿರುವ ಚೌಕ ತೂತುಗಳು ಮಹಡಿಯ ತೊಲೆಗಳು ಕೂತಿದ್ದ ಜಾಗ. ಅವನ್ನು ಎಣಿಸಿದರೆ ಎಷ್ಟು ಅಂತಸ್ತು ಇತ್ತು ಎಂದು ಗೊತ್ತಾಗುತ್ತದೆ. ಮಾರ್ಫೆಟ್ಸ್ ಅನ್ನು 1980ರ ದಶಕದಲ್ಲಿ ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಮೊದಲು ಇದರ ಒಳಗೆ ಹೋಗಿ, ಆಮೇಲೆ ಮಾಡು ಇಲ್ಲದ ಇತರ ಎಂಜಿನ್ ಮನೆಗಳನ್ನು ನೋಡಿ. ಇಲ್ಲಿ ಕಂಡದ್ದನ್ನು ಅಲ್ಲಿ ಕಲ್ಪಿಸಿಕೊಳ್ಳುವುದು ಸುಲಭ.

ಚಿಮಣಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಪೀಕಾಕ್ಸ್ ಚಿಮಣಿ ಈಗ ನಿಂತಿರುವುದು ಅದರ ಹುಟ್ಟಿದ ಜಾಗದಲ್ಲಿ ಅಲ್ಲ. 1970ರ ದಶಕದ ಶುರುವಿನಲ್ಲಿ ಹೊಸ ಗಣಿಗೆ ಜಾಗ ಮಾಡಿಕೊಡಲು ಅದನ್ನು ಬಿಚ್ಚಿ ಬೇರೆ ಕಡೆ ಕಟ್ಟಿದರು. ಹಳೆಯ ನಕ್ಷೆ ಹಿಡಿದು ನಡೆಯುವವರಿಗೆ ಇದು ಗೊಂದಲ ತರುತ್ತದೆ.

ಆ ಹೊಸ ಗಣಿಯ ಗುರುತೇ ಹಸಿರು-ನೀಲಿ ನೀರಿನ ದೊಡ್ಡ ಹೊಂಡ. ಪ್ರವಾಸಿಗರು ಇದನ್ನೇ ಹಳೆಯ ಗಣಿ ಎಂದುಕೊಳ್ಳುತ್ತಾರೆ. ಹಳೆಯ ಗಣಿ ಇದ್ದದ್ದು ನೆಲದಡಿ, ಬಾವಿ ಮತ್ತು ಸುರಂಗಗಳಲ್ಲಿ. ಅದರ ಕೊನೆಯ ವರ್ಷಗಳಲ್ಲಿ ಮೇಲಿನಿಂದ ತೋಡುವ ಪ್ರಯತ್ನ ನಡೆಯಿತು, ಆದರೆ ಇಷ್ಟು ದೊಡ್ಡ ಹೊಂಡ ಆದದ್ದು 1971ರಿಂದ 1981ರವರೆಗಿನ ಗಣಿಗಾರಿಕೆಯಲ್ಲಿ. ಹಳೆಯ ಕೆಲಸದ ಎಷ್ಟೋ ಗುರುತುಗಳನ್ನು ಈ ಹೊಂಡ ನುಂಗಿತು. ನನಗೆ ಇದು ಬೇಸರದ ಸಂಗತಿ. ಆದರೂ ಹೊಂಡದ ಅಂಚಿನ ಬಂಡೆಯಲ್ಲಿ ಹಸಿರು, ನೀಲಿ ಕಲೆಗಳನ್ನು ಹುಡುಕಿ ನೋಡಿ. ಹಸಿರು ಮ್ಯಾಲಕೈಟ್, ನೀಲಿ ಅಜುರೈಟ್. ಕುರಿಗಾಹಿಗಳ ಕಣ್ಣಿಗೆ ಬಿದ್ದದ್ದು ಇಂಥದೇ ಬಣ್ಣ.

ಇನ್ನೊಂದು ಮಾತು. ಕಾರ್ನ್‌ವಾಲ್‌ನ ಪದ್ಧತಿಯಲ್ಲಿ ಕೆಲಸಗಾರರ ಗುಂಪುಗಳು ಗಣಿಯ ಒಂದೊಂದು ತುಂಡಿಗೆ ಹರಾಜಿನಲ್ಲಿ ಬೆಲೆ ಕೂಗಿ ಕೆಲಸ ಹಿಡಿಯುತ್ತಿದ್ದವು. ಎಷ್ಟು ತಾಮ್ರ ಸಿಕ್ಕಿತು ಎಂಬ ಪರೀಕ್ಷೆಯ ಮೇಲೆ ಅವರ ಕೂಲಿ ನಿಂತಿತ್ತು. ಆ ಪರೀಕ್ಷೆಯಲ್ಲಿ ಮೋಸ ಆಗುತ್ತಿದೆ ಎಂದು 1848ರಲ್ಲಿ ಮುಷ್ಕರ ನಡೆಯಿತು. ಗುಡ್ಡದ ಮೇಲೆ ನಿಂತು ತೊರೆಯ ಕಡೆ ನೋಡಿ. ಮುಷ್ಕರ ಹೂಡಿದವರಲ್ಲಿ ಎಷ್ಟೋ ಜನರ ಮನೆ ಅಲ್ಲಿತ್ತು. ಮೊದಲು ತೊರೆಗೆ ಇಳಿಯಿರಿ ಎಂದು ನಾನು ಹೇಳಿದ್ದು ಇದಕ್ಕೇ.

ಹೆಜ್ಜೆ 6: ಕರಗಿಸುವ ಜಾಗ ಮತ್ತು ಬೋಳು ಗುಡ್ಡಗಳು

ಮೊದಮೊದಲು ಅದಿರನ್ನು ಹಾಗೆಯೇ ಹಡಗಿನಲ್ಲಿ ವೇಲ್ಸ್‌ನ ಸ್ವಾನ್ಸೀಗೆ ಕಳಿಸುತ್ತಿದ್ದರು. 1849ರಲ್ಲಿ ತೊರೆಯ ಪಕ್ಕದಲ್ಲೇ ಕುಲುಮೆಗಳು ಶುರುವಾದವು. ಇಲ್ಲಿ ಈಗ ನೋಡಲು ಹೆಚ್ಚೇನೂ ಇಲ್ಲ, ಕೆಲವು ಗೋಡೆಗಳು ಮತ್ತು ಕಪ್ಪು ಕಿಟ್ಟ. ಆದರೂ ಬಿಡಬೇಡಿ. ಕುಲುಮೆಗಳ ಹಸಿವಿಗೆ ಸುತ್ತಲಿನ ಮರಗಳನ್ನೆಲ್ಲ ಕಡಿದರು. ಬರ್ರಾ ಸುತ್ತಲಿನ ಬೋಳು ಗುಡ್ಡ ನೋಡಿ ಎಲ್ಲರೂ ಕೊಡಲಿಯನ್ನೇ ದೂರುತ್ತಾರೆ. ಅದರಲ್ಲಿ ಒಂದು ಪಾಲು ಮೊದಲಿನಿಂದಲೂ ಹುಲ್ಲುಗಾವಲು. ಆದರೆ ಮರ ಇದ್ದ ಕಡೆ ಮರ ಹೋದದ್ದು ಗಣಿಯಿಂದಲೇ.

ಮರ ಸಾಲದಾದಾಗ ಕಲ್ಲಿದ್ದಲು ಬೇಕಾಯಿತು. ದಕ್ಷಿಣ ಅಮೆರಿಕದಿಂದ ಹೇಸರಗತ್ತೆಗಳನ್ನೂ ಅವನ್ನು ನಡೆಸುವವರನ್ನೂ ಕರೆಸಿದರು. ಅವು ತಾಮ್ರ ಹೊತ್ತು ಪೋರ್ಟ್ ವೇಕ್‌ಫೀಲ್ಡ್ ಬಂದರಿಗೆ ಹೋಗುತ್ತಿದ್ದವು, ವಾಪಸ್ ಬರುವಾಗ ಕಲ್ಲಿದ್ದಲು ತರುತ್ತಿದ್ದವು. ರೈಲು ಬರ್ರಾಕ್ಕೆ ಬಂದದ್ದು 1870ರಲ್ಲಿ, ಅಷ್ಟರಲ್ಲಿ ಗಣಿಯ ಒಳ್ಳೆಯ ದಿನಗಳು ಕಳೆದಿದ್ದವು.

ಹೆಜ್ಜೆ 7: ಕೀಲಿಯ ಉಳಿದ ಬಾಗಿಲುಗಳು

ಪೊಲೀಸ್ ಲಾಕಪ್ ಮತ್ತು ಕುದುರೆ ಲಾಯ, ರೆಡ್ರುತ್ ಜೈಲು, ಯೂನಿಕಾರ್ನ್ ಬ್ರೂವರಿಯ ನೆಲಮಾಳಿಗೆ. ಮೂರಕ್ಕೂ ಸೇರಿ ಒಂದೂವರೆ ಗಂಟೆ ಸಾಕು. ಜೈಲು 1856ರದು, ಈ ರಾಜ್ಯದಲ್ಲಿ ಅಡಿಲೇಡಿನ ಹೊರಗೆ ಕಟ್ಟಿದ ಮೊದಲ ಜೈಲು. ಮುಂದೆ ಹೆಣ್ಣುಮಕ್ಕಳ ಸುಧಾರಣಾ ಗೃಹವೂ ಆಗಿತ್ತು. ಬ್ರೂವರಿ 1873ರದು. ಮೇಲಿನ ಕಟ್ಟಡ ಹೋಗಿದೆ, ನೆಲಮಾಳಿಗೆ ಗಟ್ಟಿಯಾಗಿದೆ. ಬಿಸಿಲಿನ ದಿನ ಆದರೆ ನಡುಮಧ್ಯಾಹ್ನಕ್ಕೆ ಇದನ್ನು ಇಟ್ಟುಕೊಳ್ಳಿ, ಒಳಗೆ ತಂಪಾಗಿರುತ್ತದೆ. ಟಾರ್ಚ್ ಇರಲಿ.

ಹೆಜ್ಜೆ 8: ಹ್ಯಾಂಪ್ಟನ್‌ಗೆ ಸಂಜೆಗೆ ಮುಂಚೆ

1857ರಲ್ಲಿ ಹುಟ್ಟಿದ ಹಳ್ಳಿ ಇದು. ಗಣಿ ಮುಚ್ಚಿದ ಮೇಲೂ ಕೆಲವರು ಇಲ್ಲೇ ಇದ್ದರು, 1960ರ ಹೊತ್ತಿಗೆ ಪೂರ್ತಿ ಖಾಲಿಯಾಯಿತು. ಈಗ ಇಳಿಜಾರಿನ ಹುಲ್ಲಿನ ನಡುವೆ ಕಲ್ಲಿನ ಗೋಡೆಗಳು ಮಾತ್ರ ನಿಂತಿವೆ. ಇಲ್ಲಿ ಬೀದಿಗಳ ಗೆರೆ ಹುಡುಕುತ್ತ ನಡೆಯಿರಿ. ಒಲೆಯ ಗೂಡು ಕಂಡರೆ ಅದು ಮನೆ, ಕಾಣದಿದ್ದರೆ ಕೊಟ್ಟಿಗೆಯೋ ಉಗ್ರಾಣವೋ ಇರಬಹುದು. ಡಗೌಟಿನ ಒಲೆಯನ್ನು, ಪ್ಯಾಕ್ಸ್‌ಟನ್ ಸ್ಕ್ವೇರಿನ ಒಲೆಯನ್ನು, ಇಲ್ಲಿನ ಒಲೆಯನ್ನು ಹೋಲಿಸಿ ನೋಡಿ. ಮೂರರ ಫೋಟೊ ತೆಗೆದಿಟ್ಟುಕೊಂಡರೆ ಊರಿನ ಬದುಕು ಹೇಗೆ ಬದಲಾಯಿತು ಎಂಬುದಕ್ಕೆ ನಿಮ್ಮದೇ ಒಂದು ದಾಖಲೆ ಸಿದ್ಧವಾಗುತ್ತದೆ.

ಈ ಗೋಡೆಗಳ ಮೇಲೆ ಹತ್ತಬೇಡಿ, ಒರಗಬೇಡಿ. ಕಲ್ಲುಗಳ ನಡುವಿನ ಗಾರೆ ಮಳೆಗೆ ಕರಗಿ ಹೋಗಿರುತ್ತದೆ. ನೋಡಲು ಗಟ್ಟಿ, ಮುಟ್ಟಿದರೆ ಜಾರುತ್ತದೆ. ಬೆಚ್ಚಗಿನ ತಿಂಗಳುಗಳಲ್ಲಿ ಹುಲ್ಲಿನಲ್ಲೂ ಬಿದ್ದ ಕಲ್ಲುಗಳಲ್ಲೂ ವಿಷದ ಕಂದು ಹಾವು ಇರಬಹುದು. ಕಾಣದ ಜಾಗಕ್ಕೆ ಕೈ ಹಾಕಬೇಡಿ. ಗಣಿಯ ಬೇಲಿ ದಾಟಬೇಡಿ, ಹಳೆಯ ಬಾವಿಯ ಬಾಯಿ ಸುತ್ತ ನೆಲ ಕುಸಿಯಬಹುದು. ಹಸಿರು ಕಲ್ಲು ಎಷ್ಟೇ ಚಂದ ಕಂಡರೂ ಜೇಬಿಗೆ ಹಾಕಬೇಡಿ. ಒಬ್ಬೊಬ್ಬರೂ ಒಂದೊಂದು ಕಲ್ಲು ಒಯ್ದರೆ ಮುಂದಿನವರಿಗೆ ನೋಡಲು ಏನು ಉಳಿಯುತ್ತದೆ? ಮಕ್ಕಳು ಗಣಿಯ ಮಣ್ಣು ಮುಟ್ಟಿದ್ದರೆ ಊಟಕ್ಕೆ ಮುಂಚೆ ಕೈ ತೊಳೆಸಿ. ತುರ್ತು ಬಂದರೆ 000ಗೆ ಕರೆ ಮಾಡಿ.

ಇನ್ನೂ ಒಂದು ದಿನ ಇದ್ದರೆ

ಕೀಲಿ ವಾಪಸ್ ಕೊಟ್ಟು ಮರುದಿನ ಯಾರ್ಕ್ ಪೆನಿನ್ಸುಲಾದ ಮೂಂಟಾಕ್ಕೆ ಹೋಗಿ. ಕಾರಿನಲ್ಲಿ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಅಲ್ಲಿ 1861ರಲ್ಲಿ ತಾಮ್ರ ಸಿಕ್ಕಿತು, ಬರ್ರಾದ ಎಷ್ಟೋ ಕುಟುಂಬಗಳು ಅತ್ತ ಹೋದವು. ಆ ಗಣಿ 1923ರವರೆಗೆ ನಡೆಯಿತು. ಅಲ್ಲಿನ ಹ್ಯೂಸ್ ಎಂಜಿನ್ ಹೌಸ್ ಎದುರು ನಿಂತಾಗ ಫಲಕ ಓದುವ ಮೊದಲೇ ದಪ್ಪ ಗೋಡೆ ಯಾವುದು, ಬಾವಿ ಯಾವ ಕಡೆ, ತೊಲೆ ಎಲ್ಲಿ ಕೂತಿತ್ತು ಎಂದು ನೀವೇ ಹೇಳಬಲ್ಲಿರಿ. ಮಕ್ಕಳು ಜೊತೆಗಿದ್ದರೆ ಅವರನ್ನೇ ಕೇಳಿ.